ನೆಲಮಾಳಿಗೆಯ ನೆಲ

ಮಧುಗಿರಿ
9 ಫೆಬ್ರವರಿ 2025

ನನ್ನ ಮೇಲೆ ಇನ್ನೂ ಸಿಟ್ಟಾಗಿರುವ ಅವ್ವನಿಗೆ,

ನಿನ್ನ ಸಹನಾ ಮಾಡುವ ನಮಸ್ಕಾರ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಸುನಿತಕ್ಕ, ಅವ್ವನಿಗೆ ಇದನ್ನು ಓದಿ ಹೇಳುವಾಗ ಏನನ್ನೂ ನುಂಗಬೇಡ.

ಮರ ಕೊಯ್ಯುವ ಮಿಷನ್ ಇಪ್ಪತ್ತೈದಕ್ಕೆ ಬರುತ್ತದೆ. ನಮ್ಮ ನೆಲಮಾಳಿಗೆಯಲ್ಲಿ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅಲ್ಲಿ ಮಿಷನ್ ನಿಲ್ಲಿಸಿದರೆ ನಡುಗುತ್ತದೆ, ಹಲಗೆ ಸೊಟ್ಟ ಕೊಯ್ಯುತ್ತದೆ. ನಾವು ಹೆಂಗಸರೇ ನಡೆಸಲಿರುವ ಮರಗೆಲಸದ ಅಂಗಡಿಯಲ್ಲಿ ಮೊದಲ ಬೆಂಚೇ ಕುಂಟಿದರೆ ಊರು ನಗುತ್ತದೆ. ನಗಲು ನಾನು ಬಿಡುವುದಿಲ್ಲ.

ಆದರೆ ಅವತ್ತು ಗೆಳತಿಯರ ಮುಂದೆ ನಾನು, "ಕೂಲಿಯವರು ಹಾಕಿದ ಕಾಂಕ್ರೀಟು, ಹಿಂಗೇ ಇರ್ತದೆ" ಅಂದುಬಿಟ್ಟೆ. ನಿನ್ನ ಜೊತೆ ಕೂಲಿ ಮಾಡುವವರೆಲ್ಲ ಮುಯ್ಯಾಳಾಗಿ ಬಂದು ಒಂದೇ ದಿನದಲ್ಲಿ ಹಾಕಿಕೊಟ್ಟ ನೆಲ ಅದು. ಅವರ ಮನೆಗಳಿಗೆ ನೀನೂ ಹಾಗೆಯೇ ಬಾಂಡಲಿ ಹೊತ್ತಿದ್ದೀಯ. ನೀನು ಹಿಂದೆಯೇ ನಿಂತಿದ್ದೆ. ಹಾಗೇ ಹೊರಟು ಅಕ್ಕನ ಊರಿಗೆ, ಕಳ್ಳಂಬೆಳ್ಳದ ಬಸ್ಸು ಹತ್ತಿದೆ. ಶ್ರಮಕ್ಕೆ ಗೌರವ ಎಂದು ಕರಪತ್ರ ಹಂಚುವವಳು ನಾನು. ನನ್ನ ಮಾತು ತಪ್ಪು.

ಇನ್ನೊಂದು ತಪ್ಪೂ ಇದೆ. ನೆಲ ಸಮ ಮಾಡಿಸಲು ಮೇಸ್ತ್ರಿ ಪರ್ವತಯ್ಯನನ್ನು ಕರೆಸಿದ್ದೆ. ಗಾರೆ ಬಳಿಯುವುದನ್ನು ನನಗೂ ಕಲಿಸು ಅಂದರೆ, "ಹೆಣ್ಮಕ್ಳು ಬಾಂಡ್ಲಿ ಹೊತ್ರೆ ಸಾಕು, ಕರಣೆ ಯಾಕವ್ವ" ಅಂದ. ಅವನನ್ನು ಕಳಿಸಿ ನಾನೇ ಬಳಿದೆ. ಮೂರನೇ ದಿನ ಹಪ್ಪಳದಂತೆ ಎದ್ದು ಬಂತು. ಸಿಮೆಂಟೇ ಕೆಟ್ಟದ್ದು ಎಂದು ಅಕ್ಕನಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ಹಿಂದಿನಿಂದ ನೀನು, "ಹಳೇ ನೆಲಕ್ಕೆ ನೀರು ಕುಡಿಸಿದ್ಲಾ, ಕೇಳೇ" ಅಂದದ್ದು ಕೇಳಿಸಿತು. ಕುಡಿಸಿರಲಿಲ್ಲ ಅವ್ವ. ಧೂಳನ್ನೂ ತೊಳೆದಿರಲಿಲ್ಲ.

ಈಗ ಎಲ್ಲ ಕಿತ್ತು ಹಾಕಿದ್ದೇನೆ. ಉಬ್ಬುಗಳನ್ನು ಉಳಿಯಿಂದ ಕೆತ್ತಿದ್ದೇನೆ, ಅಂಗೈ ತುಂಬ ಬೊಬ್ಬೆ. ನೆಲ ಎರಡು ದಿನದಿಂದ ನೀರು ಕುಡಿಯುತ್ತಿದೆ. ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಲು ಎರಡು ತುದಿಗೆ ಇಬ್ಬರು ಬೇಕು. ಆ ಇನ್ನೊಂದು ತುದಿಯನ್ನು ನಿನ್ನ ಹೊರತು ಯಾರಿಗೂ ಕೊಡುವುದಿಲ್ಲ. ಬಳಿದ ಗಾರೆ ಗಟ್ಟಿಯಾಗಲು ಹತ್ತು ದಿನವಾದರೂ ಬೇಕು. ಗುರುವಾರದೊಳಗೆ ಬಾ. ಬೈಯುವುದಿದ್ದರೆ ಬೈದುಕೊಂಡೇ ಬಾ.

ನಿನ್ನ ಹಠದ ಮಗಳು,
ಸಹನಾ

ತಾ.ಕ.: ನಾನು ಸೋತೆನೋ ಇಲ್ಲವೋ ನೋಡಲು ಪರ್ವತಯ್ಯ ನಿನ್ನೆ ಬಂದಿದ್ದ. ಮೆಟ್ಟಿಲ ಪಕ್ಕದಲ್ಲಿ ಎರಡು ಮಾರು ನೆಲ ಮಾತ್ರ ಒಂದೇ ಸಮ ಇದೆ, ಉಳಿ ಇಡುವ ಕೆಲಸವೇ ಇಲ್ಲ. ಯಾರು ಬಳಿದದ್ದು ಎಂದು ಕೇಳಿದೆ. ತಲೆ ಕೆರೆದುಕೊಂಡ. "ಈ ನೆಲ ಹಾಕೋ ದಿನ ನಾವು ಮೇಸ್ತ್ರಿಗಳು ಉಣ್ಣಕ್ ಹೋಗಿದ್ವಿ ಕಣಮ್ಮ. ಬರೋ ಹೊತ್ಗೆ ನಿಮ್ಮವ್ವ ಕರಣೆ ಎತ್ಕಂಡು ಬಳ್ದ್ಬುಟ್ಟಿದ್ಲು" ಅಂದ. ಉಳಿದ ಉಬ್ಬು ತಗ್ಗೆಲ್ಲ ಅವನದೇ ಕೈ.