ಹಕ್ಕಿ ಓಡಿಸಿದ ಗರಗಸ

ಶೆಡ್ಡಿನ ಮೇಜಿನಿಂದ
ಮೇ ೧೪, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಚಿಕ್ಕಮ್ಮನ ಕಾಲಿನ ಪ್ಲಾಸ್ಟರ್ ತೆಗೆದರಾ? ತೆಗೆದ ಮೇಲೆ ಎರಡು ದಿನ ನೆಟ್ಟಗೆ ಮಲಗಿರಲು ಹೇಳು, ಹೇಳಿದರೆ ಕೇಳುವ ಜೀವ ಅಲ್ಲ ಅದು. ನಿನ್ನ ಸೊಂಟ ಹೇಗಿದೆ? ಅವರ ಮನೆಯ ಆ ಹಾಳು ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ಇಲ್ಲಿ ಹೊಟ್ಟೆಗೇನೂ ಕಮ್ಮಿಯಿಲ್ಲ. ನಾನು ಮಾಡಿದ್ದನ್ನು ಅಪ್ಪ ಮುಖ ಸಿಂಡರಿಸಿಕೊಂಡು ತಿನ್ನುತ್ತಾರೆ, ಅಪ್ಪ ಮಾಡಿದ್ದನ್ನು ನಾನು ಮುಚ್ಚಿಟ್ಟು ಎದ್ದುಬಿಡುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅರ್ಧ ಕೇಳಿ ಬೈಯಲು ಶುರು ಮಾಡುತ್ತೀಯ. ಕಾಗದಕ್ಕೆ ಎಷ್ಟು ಬೈದರೂ ನನಗೇನೂ ನಷ್ಟವಿಲ್ಲ.

ಅಪ್ಪನ ಕಾಗದವೂ ನಿನಗೆ ಬರುತ್ತದೆ, ಆಗಲೇ ಬಂದಿರಲೂಬಹುದು. ನನ್ನ ಶೆಡ್ ಮುಚ್ಚಬೇಕಂತೆ. ನನ್ನ ಗರಗಸದ ಮಿಷನ್ ಸದ್ದಿಗೆ ಬೀದಿಯ ಹಕ್ಕಿಗಳೆಲ್ಲ ಊರು ಬಿಟ್ಟು ಓಡಿಹೋದವಂತೆ. ಕಾರಿಲ್ಲದ ಮನೆಗೆ ಕಾರಿನ ಶೆಡ್ ಯಾಕೆ, ನೀನೇ ಇಟ್ಟುಕೋ ಎಂದು ಕೊಟ್ಟವಳು ನೀನು. ಆದ್ದರಿಂದ ಬೀಗ ಹಾಕುವ ಮಾತೂ ನಿನ್ನಿಂದಲೇ ಬರಬೇಕು ಎನ್ನುವುದು ಅವರ ನ್ಯಾಯ. ‘ನಿಮ್ಮಮ್ಮ ಹೂಂ ಅಂದ ದಿನ ಬೀಗ’ ಎಂದು ದಿನಾ ಹೇಳುತ್ತಾರೆ. ಮಿಷನ್ ಕೊಂಡುಕೊಳ್ಳುವವನನ್ನೂ ಹುಡುಕಿಟ್ಟಿದ್ದಾರೆ. ಹತ್ತನೇ ಕ್ಲಾಸಿಗೆ ಶರಣು ಹೊಡೆದ ಮೇಲೆ ಟೈಪಿಂಗ್, ಹೊಲಿಗೆ, ಔಷಧಿ ಅಂಗಡಿ ಎಂದು ನೀನು ಕಳಿಸಿದಲ್ಲೆಲ್ಲ ಹೋಗಿ ಜಗಳವಾಡಿಕೊಂಡು ಬಂದವಳು ನಾನು. ತಳ ಊರಿ ಕೂತಿದ್ದು ಈ ಮರಗೆಲಸದಲ್ಲಿ ಮಾತ್ರ. ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದ ಶಾಲೆಯವರೇ ಈಗ ಕಾಲು ಮುರಿದ ಬೆಂಚುಗಳನ್ನು ತಂದು ನನ್ನ ಬಾಗಿಲಿಗೆ ಇಳಿಸಿಹೋಗಿದ್ದಾರೆ. ಕಾಲು ಕೂರಿಸುವಾಗ ಬರುವ ಸಂತೋಷ ಯಾವ ಮಾರ್ಕ್ಸ್ ಕಾರ್ಡಿನಲ್ಲಿ ಸಿಕ್ಕೀತು ಹೇಳು.

ನೀನು ಹೋದ ಮೇಲೆ ಅಪ್ಪನ ಪಕ್ಷಿ ಸಂಘದ ಹುಚ್ಚು ನೆತ್ತಿಗೇರಿದೆ. ರಿಟೈರ್ ಆದವರಿಗೆ ಏನಾದರೊಂದು ಬೇಕು, ಒಪ್ಪುತ್ತೇನೆ. ಆದರೆ ಮೈತುಂಬ ಜೇಬಿರುವ ಆ ಕೋಟು ಯಾಕೆ? ಒಂದು ಜೇಬಿನಲ್ಲಿ ಕರವಸ್ತ್ರ, ಮಿಕ್ಕಿದ್ದರಲ್ಲಿ ಗಾಳಿ. ಬೆಳಿಗ್ಗೆ ಎದ್ದು ಬಾಲ್ಕನಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಾರೆ. ಎದುರಿನ ಮರ ಕಣ್ಣಿಗೆ ಹೊಡೆಯುವ ಹಾಗೆ ನಿಂತಿದ್ದರೂ ತಿರುಗಿ ನೋಡುವುದಿಲ್ಲ. ‘ನೋಡಿ ಹೆಸರು ಹೇಳೋದು ಎಳಸುಗಳ ಕೆಲಸ, ಬಲ್ಲವನು ಕೇಳಿ ಹೇಳ್ತಾನೆ’ ಅಂತೆ. ಹಾಗೆ ಕೇಳಿ ಕೇಳಿ ಅವರು ಕಂಡುಹಿಡಿದದ್ದೇನು ಗೊತ್ತಾ? ಈ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಉಳಿದಿರುವುದು ಕಾಗೆ, ಪಾರಿವಾಳ ಎರಡೇ. ಸಂಘದ ಸಭೆಗೆ ನನ್ನನ್ನೂ ಕರೆದುಕೊಂಡು ಹೋಗಿ ಇದನ್ನೇ ಭಾಷಣ ಮಾಡಿದರು. ಎಲ್ಲರೂ ಲೊಚಗುಟ್ಟಿದರು, ಟೀ ಕುಡಿದರು, ಆಮೇಲೆ ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ ಹಾರ್ನ್ ಹೊಡೆದುಕೊಂಡು ಮನೆಗೆ ಹೋದರು. ಒಬ್ಬರಾದರೂ ಬೀದಿಗೆ ಬಂದು ತಲೆ ಎತ್ತಿ ನೋಡಬೇಡವೇ? ಭಾಷಣ ಮುಗಿದಾಗಲೇ ನಾನು ಎದ್ದು ನಿಂತು, ಮಿಷನ್ ಮೇಲಿನ ಹಲಗೆಯಲ್ಲೇ ಗುಬ್ಬಚ್ಚಿ ಗೂಡು ಕಟ್ಟಿ ಮರಿ ಮಾಡಿದೆ, ಬಂದು ನೋಡಿ ಎಂದೆ. ಸಂಘದ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ನಕ್ಕು, ‘ಗುಬ್ಬಚ್ಚೀನ ನಾವು ಲೆಕ್ಕಕ್ಕೆ ತಗೊಳಲ್ಲಮ್ಮ’ ಅಂದರು. ಬೇರೆಯವರ ಬಾಯೊಳಗೆ ಇಣುಕಿ ಇಣುಕಿ ಅವರ ಬುದ್ಧಿಯೂ ಅಷ್ಟೇ ಅಗಲಕ್ಕೆ ನಿಂತಿದೆ.

ಹೋದ ವಾರ ಇದೇ ಪಟಾಲಮ್ಮು ದೂರದ ಕೆರೆಗೆ ಬೇಸಿಗೆ ಪ್ರವಾಸ ಹೊರಟಿತು. ದೊಡ್ಡ ದುರ್ಬೀನು ಹೊರಲು ಆಳು ಬೇಕಿತ್ತು, ನನ್ನನ್ನೂ ಎಳೆದುಕೊಂಡು ಹೋದರು. ಹಕ್ಕಿಗೆ ಕಾಣಬಾರದೆಂದು ಎಲ್ಲರೂ ಎಲೆ ಬಣ್ಣದ ಬಟ್ಟೆ ಹಾಕಿದ್ದರು, ಸೆಂಟಿನ ವಾಸನೆ ಮಾತ್ರ ಮೈಲಿ ದೂರಕ್ಕೆ. ದಾರಿಯಲ್ಲಿ ಮುಂಗುಸಿಯೊಂದು ಮರಿಗಳನ್ನು ಸಾಲಾಗಿ ಹಿಂದಿಟ್ಟುಕೊಂಡು ರಸ್ತೆ ದಾಟಿತು. ವ್ಯಾನಿನೊಳಗೆ ಯಾರ ಲೆನ್ಸು ಯಾರದಕ್ಕಿಂತ ಉದ್ದ ಎಂಬ ಚರ್ಚೆ ನಡೆಯುತ್ತಿತ್ತು. ನೋಡಿದ್ದು ನಾನು ಮತ್ತು ಡ್ರೈವರ್.

ಕೆರೆಯ ಜೊಂಡಿನೊಳಗೆ ‘ಗುಂ, ಗುಂ’ ಎಂದು ಕೂಗುವ ಯಾವುದೋ ಅಪರೂಪದ ಹಕ್ಕಿ ಇದೆಯಂತೆ, ಸುಲಭಕ್ಕೆ ಹೊರಗೆ ಬರುವುದಿಲ್ಲವಂತೆ. ಡಾಕ್ಟರು ಅದರ ರೆಕಾರ್ಡು ಮಾಡಿದ ಕೂಗನ್ನು ಸಣ್ಣ ಸ್ಪೀಕರಿನಲ್ಲಿ ಹಾಕಿದರು. ಜೊತೆಯ ಹಕ್ಕಿಯೆಂದು ತಿಳಿದು ಅದು ಮೋಸಹೋಗಿ ಬರಬೇಕು, ಇವರು ಫೋಟೊ ಹೊಡೆಯಬೇಕು. ಇದಕ್ಕೆ ಪ್ರಕೃತಿಪ್ರೇಮ ಎಂದು ಹೆಸರು. ಸ್ವಲ್ಪ ಹೊತ್ತಿಗೆ ಆಚೆ ಕಡೆಯಿಂದಲೂ ‘ಗುಂ, ಗುಂ’ ಎಂದು ಉತ್ತರ ಬಂತು. ಎಲ್ಲರೂ ಉಸಿರು ಬಿಗಿ ಹಿಡಿದರು. ಅಪ್ಪ ನನ್ನ ತೋಳು ಹಿಡಿದು ‘ಕೇಳಿಸ್ತು, ಕೇಳಿಸ್ತು ಕಣೇ’ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಇವರು ಹಾಕಿದರೆ ಅದು ಕೂಗುತ್ತದೆ, ಅದು ಕೂಗಿದರೆ ಇವರು ಹಾಕುತ್ತಾರೆ. ಬಿಸಿಲು ಏರುವವರೆಗೂ ಇದೇ ಸರಸ. ನನಗೆ ಕೂತು ಕೂತು ಕಾಲು ಜೋಮು ಹಿಡಿದು, ಎದ್ದು ಕೆರೆ ಸುತ್ತಿ ಆಚೆ ದಡಕ್ಕೆ ಹೋದೆ. ಅಲ್ಲಿ ಬೇರೆ ಊರಿನ ಪಕ್ಷಿ ಸಂಘದವರು ಇಂಥದೇ ಬಟ್ಟೆ ತೊಟ್ಟು, ಇಂಥದೇ ಸ್ಪೀಕರಿನ ಸುತ್ತ ಬೋರಲು ಮಲಗಿದ್ದರು. ಅವರಲ್ಲೂ ಒಬ್ಬರ ಕಣ್ಣು ಒದ್ದೆಯಾಗಿತ್ತು. ವಾಪಸು ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಹೇಳದೆ ಇರಲು ನನ್ನಿಂದ ಆಗುತ್ತದೆಯೇ? ಊಟಕ್ಕೆ ಎಲ್ಲರೂ ನನ್ನನ್ನು ಬಿಟ್ಟು ದೂರ ಕೂತರು. ಊಟವಾದ ಮೇಲೆ ಡಾಕ್ಟರು, ನಡುವೆ ಒಮ್ಮೆ ದೂರದಲ್ಲಿ ಕೂಗಿದ್ದು ಮಾತ್ರ ನಿಜವಾದ ಹಕ್ಕಿಯೇ ಎಂದು ತೀರ್ಪು ಕೊಟ್ಟರು. ಎಲ್ಲರೂ ತಲೆಯಾಡಿಸಿದರು. ಅಪ್ಪ ಎಲ್ಲರಿಗಿಂತ ಜೋರಾಗಿ.

ಇಂಥವರ ಮಾತು ಕೇಳಿ ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತೀಯೋ ಇಲ್ಲವೋ, ಯೋಚಿಸಿ ಬರಿ. ಚಿಕ್ಕಮ್ಮನಿಗೆ ಊರುಗೋಲು ಬೇಕಿದ್ದರೆ ಎತ್ತರ ಅಳೆದು ಕಳಿಸು, ಅಂಗಡಿಯದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತೇನೆ. ಚಿಕ್ಕಪ್ಪನನ್ನು ಕೇಳಿದೆನೆಂದು ಹೇಳು. ನಿನ್ನ ಸೊಂಟ ಜೋಪಾನ.

ನಿನ್ನ ತಲೆಹರಟೆ ಮಗಳು

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮೇಲಿನದೆಲ್ಲ ನಿಜ, ಆದರೆ ಪೂರ್ತಿ ಅಲ್ಲ. ಹಕ್ಕಿಗಳು ಎಲ್ಲಿಗೂ ಹೋಗಿಲ್ಲ ಅಮ್ಮಾ. ಅಪ್ಪನ ಕಿವಿ ಹೋಗುತ್ತಿದೆ. ಕಾಗೆ, ಪಾರಿವಾಳದ ದಪ್ಪ ದನಿ ಕೇಳಿಸುತ್ತದೆ, ಸಣ್ಣ ಹಕ್ಕಿಗಳ ಸಣ್ಣ ದನಿ ಕೇಳಿಸುವುದಿಲ್ಲ. ನೀನು ಇದ್ದಾಗ ಗೊತ್ತಾಗಲಿಲ್ಲ, ನೀನು ಮಾತಾಡುವುದು ಮೂರು ಮನೆಗೆ ಕೇಳುತ್ತದಲ್ಲ. ಕೆರೆಯ ಹತ್ತಿರ ಕೈಗೆಟುಕುವ ಪೊದೆಯಲ್ಲಿ ಪುಟಾಣಿ ಹಕ್ಕಿಗಳು ಕಿವಿ ತೂತು ಬೀಳುವಂತೆ ಕಿರುಚುತ್ತಿದ್ದವು. ಅಪ್ಪ ಬೇರೆಯವರ ಮುಖ ನೋಡಿ, ಅವರು ತಿರುಗಿದ ಕಡೆ ತಾವೂ ತಿರುಗಿದರು. ಆ ಇಡೀ ದಿನ ಅವರ ಕಿವಿಗೆ ಬಿದ್ದ ಹಕ್ಕಿ ಆ ಸ್ಪೀಕರ್ ಒಂದೇ.

ಇವತ್ತು ಬೆಳಿಗ್ಗೆ ಖಾತ್ರಿ ಮಾಡಿಕೊಳ್ಳೋಣವೆಂದು ಮಿಷನ್ ಹಾಕದೆ ಅವರ ಕುರ್ಚಿಯ ಹಿಂದೆ ಹೋಗಿ ನಿಂತೆ. ಬಟ್ಟೆ ಒಣಗಿಸುವ ತಂತಿಯ ಮೇಲೆ ಎರಡು ಸೂರಕ್ಕಿಗಳು ಒಂದೇ ಸಮ ಜಗಳವಾಡುತ್ತಿದ್ದವು. ಅಪ್ಪ ತುಂಬ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ಆಮೇಲೆ ಕಣ್ಣು ತೆರೆಯದೆಯೇ ಕೇಳಿದರು, ಬೈಯುವ ದನಿಯಲ್ಲಲ್ಲ: ‘ನಿಂಗೇನಾದ್ರೂ ಕೇಳಿಸ್ತಿದ್ಯಾ ಮಗಳೇ?’

ನನಗೆ ಸುಳ್ಳು ಹೇಳಲು ಬರುವುದಿಲ್ಲ, ನಿನಗೆ ಗೊತ್ತು. ನಿಜ ಹೇಳಲೂ ಮನಸ್ಸು ಬರಲಿಲ್ಲ. ಓಡಿ ಕೆಳಗೆ ಬಂದು, ಮರವನ್ನೇ ಇಡದೆ ಮಿಷನ್ ಹಾಕಿಬಿಟ್ಟೆ. ಅವರು ಮೇಲಿನಿಂದ ಬೈಯುವವರೆಗೂ ನಿಲ್ಲಿಸಲಿಲ್ಲ. ಬೀಗದ ಮಾತು ಆಮೇಲೆ ನೋಡೋಣ, ನೀನು ಬೇಗ ಬಾ. ನಾಳೆ ಬೆಳಿಗ್ಗೆ ಮತ್ತೆ ಕೇಳುತ್ತಾರೆ.