ಗೆರೆ ಮೂಡದ ಸೀಸೆ

ದೊಡ್ಡಗಾಜನೂರು
11-4-1985, ಗುರುವಾರ

ಚಿರಂಜೀವಿ ದಾಕ್ಷಾಯಿಣಿಗೆ ಅಮ್ಮನ ಆಶೀರ್ವಾದ.

ನಿನ್ನ ಪತ್ರ ನಿನ್ನೆ ಮಧ್ಯಾಹ್ನ ತಲುಪಿತು. ಕಾಮಾಲೆ ಪೂರ್ತಿ ವಾಸಿಯಾಗಿದ್ದರೂ ಪಥ್ಯ ಬಿಟ್ಟಿಲ್ಲವೆಂದು ಬರೆದಿದ್ದೀಯೆ, ಸರಿಯಾದುದನ್ನೇ ಮಾಡಿದ್ದೀಯೆ. ಉಳಿದ ಭಾಗವನ್ನು ಮೂರು ಸಲ ಓದಿದೆ. ನಾನು ತಿಳಿದುಕೊಂಡಿರುವುದನ್ನು ಮೊದಲು ನನ್ನ ಮಾತಿನಲ್ಲಿ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು.

ಸ್ನಾಯುವಿನೊಳಗೆ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನು ಇದೆ. ಅದನ್ನು ಮಾತ್ರ ಗುರುತಿಸಿ ಹಿಡಿಯುವ ಪ್ರತಿಕಾಯ ನಿನಗೆ ಬೇಕಾಗಿತ್ತು. ಆ ಪ್ರೋಟೀನನ್ನು ಒಂದು ಹೋತಕ್ಕೆ ತಿಂಗಳಿಗೊಮ್ಮೆ ಚುಚ್ಚಿದೆ. ಅದರ ರಕ್ತದಲ್ಲಿ ಪ್ರತಿಕಾಯ ಹುಟ್ಟಿತು. ರಕ್ತ ಹೆಪ್ಪುಗಟ್ಟಿದ ಮೇಲೆ ನಿಲ್ಲುವ ಹಳದಿ ತಿಳಿಯೇ ಸೀರಂ. ಅದೂ ಆ ಪ್ರೋಟೀನೂ ಗಾಜಿನ ತಟ್ಟೆಯಲ್ಲಿ ಸಂಧಿಸಿದ ಕಡೆ ಬಿಳಿ ಗೆರೆ ಮೂಡಬೇಕು. ನವೆಂಬರ್, ಡಿಸೆಂಬರ್, ಜನವರಿಯಲ್ಲಿ ನೀನೇ ಬಂದು ತೆಗೆದ ರಕ್ತದಲ್ಲಿ ಮೂಡಿತು. ಫೆಬ್ರುವರಿಯಲ್ಲಿ ನೀನು ಹಾಸಿಗೆ ಹಿಡಿದಿದ್ದಾಗ ನಾನು ಕಳುಹಿಸಿದ ದೊಡ್ಡ ಸೀಸೆಯಲ್ಲಿ ಮೂಡಲಿಲ್ಲ. ಒಂದೇ ಪ್ರಾಣಿಯ ರಕ್ತ ಎರಡು ಮಾತಾಡುವುದಿಲ್ಲ, ಮೊದಲಿನ ಗೆರೆಗಳೆಲ್ಲ ನಿನ್ನ ಕೈಯ ಅಶುದ್ಧಿಯಿಂದ ಮೂಡಿದವು ಎಂದು ನಿಮ್ಮ ಪ್ರೊಫೆಸರರು ತೀರ್ಮಾನಿಸಿದ್ದಾರೆ. ನೀನೂ ಒಪ್ಪಿಕೊಂಡಿದ್ದೀಯೆ. ಸೋಮವಾರ ನಿನ್ನ ಪಿಎಚ್.ಡಿ. ಪ್ರಬಂಧದ ಆ ಅಧ್ಯಾಯವನ್ನು ಹಿಂತೆಗೆದುಕೊಂಡು, ಹಳೆಯ ಸೀಸೆಗಳನ್ನು ಚೆಲ್ಲುತ್ತೇನೆ ಎಂದು ಬರೆದಿದ್ದೀಯೆ.

ಚೆಲ್ಲಬೇಡ. ಅಧ್ಯಾಯವನ್ನೂ ಹಿಂತೆಗೆದುಕೊಳ್ಳಬೇಡ. ಫೆಬ್ರುವರಿಯಲ್ಲಿ ನಾನು ಕಳುಹಿಸಿದ್ದು ನಿನ್ನ ಹೋತದ ರಕ್ತವಲ್ಲ.

ನಡೆದುದನ್ನು ಕ್ರಮವಾಗಿ ಹೇಳುತ್ತೇನೆ. ಮೈಸೂರಿನ ನಿಮ್ಮ ಪ್ರಯೋಗಾಲಯದ ಪ್ರಾಣಿಗಳ ಮನೆಯ ಮಾಡು ದುರಸ್ತಿಯಾಗುವವರೆಗೆ ಹೋತವನ್ನು ನಮ್ಮಲ್ಲಿ ಇಡಬಹುದೇ ಎಂದು ನೀನು ಕೇಳಿದಾಗ ಪ್ರೊಫೆಸರರು ಹಿಂದೆಮುಂದೆ ನೋಡಿದರು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಲೆಕ್ಕ ತಪ್ಪದೆ ಮನೆಗೆ ಕಳುಹಿಸಿದವಳಿಗೆ ಒಂದು ಹೋತ ಭಾರವಲ್ಲವೆಂದು ನಾನೇ ಅವರಿಗೆ ಬರೆದೆ. ಆ ವಾಕ್ಯ ನಿನಗೂ ಗೊತ್ತು, ನೀನು ನಕ್ಕಿದ್ದೆ.

ಹಗಲು ಅದನ್ನು ದೊಡ್ಡಮಾದಮ್ಮ ತನ್ನ ಮಂದೆಯ ಜೊತೆ ಮೇಯಿಸುತ್ತಿದ್ದಳು. ನೀನು ಚುಚ್ಚಲು ಬಂದಾಗಲೆಲ್ಲ ಅವಳು ಹಾಸ್ಯ ಮಾಡುತ್ತಿದ್ದುದು ನೆನಪಿರಬಹುದು: "ನಮ್ಗ ಜ್ವರ ಬಂದ್ರ ಆಸ್ಪತ್ರೇಲಿ ಒಂದ್ ಸೂಜಿ ಇಲ್ಲ, ಈ ಮೈಸೂರಪ್ಪಂಗ ನೋಡವ್ವ, ತಿಂಗ್ಳು ತಿಂಗ್ಳೂ ಮನೆಬಾಗ್ಲಿಗೇ ಬತ್ತದ!"

ಸಂಜೆ ಅದು ನಮ್ಮ ಕೊಟ್ಟಿಗೆಗೆ ಬರುತ್ತಿತ್ತು. ಫೆಬ್ರುವರಿ ಮೊದಲ ವಾರ ಊರಿನಂಚಿಗೆ ಚಿರತೆ ಬಂತು. ಮಾದಮ್ಮ ಮಾರಿಗೆ ಹರಕೆ ಬಿಟ್ಟಿದ್ದ ತನ್ನ ಹೋತವನ್ನೂ ನಮ್ಮ ಕೊಟ್ಟಿಗೆಯಲ್ಲೇ ಕಟ್ಟಲು ಅನುಮತಿ ಕೇಳಿದಳು, ಕೊಟ್ಟೆ. ಎರಡೂ ಕರಿಯವು. ಗುರುತಿಗೆಂದು ನಿಮ್ಮವರು ನಿನ್ನ ಹೋತದ ಬಲಗಿವಿಯ ತುದಿ ಕತ್ತರಿಸಿದ್ದರು. ಹರಕೆಯ ಹೋತಕ್ಕೂ ನಮ್ಮ ಸೀಮೆಯಲ್ಲಿ ಮಾಡುವ ಗುರುತು ಅದೇ. ಇಷ್ಟು ತಿಳಿದವಳಿಗೆ ಮುಂದಿನದು ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ.

ಮಾರಿಹಬ್ಬದ ಮಂಗಳವಾರ ಬೆಳಿಗ್ಗೆ ಮಾದಮ್ಮ ಬಂದು ಹೋತವನ್ನು ಬಿಚ್ಚಿಕೊಂಡು ಹೋದಳು. ಬಲಿಗೆ ಹೊರಟ ಪ್ರಾಣಿಯನ್ನು ನಮ್ಮ ಮನೆಯಲ್ಲಿ ಯಾರೂ ನೋಡುವುದಿಲ್ಲ. ನಿನ್ನ ಅಜ್ಜಿಯ ಕಾಲದಿಂದ ಆ ಹೊತ್ತಿಗೆ ಹಿತ್ತಲ ಬಾಗಿಲು ಮುಚ್ಚುತ್ತೇವೆ, ನಾನೂ ಮುಚ್ಚಿದ್ದೆ. ಬುಧವಾರ ಉಳಿದ ಹೋತಕ್ಕೆ ಸೊಪ್ಪು ಹಾಕುವಾಗ ಅದರ ಕತ್ತು ಸವರಿದೆ. ನೀನು ರಕ್ತ ತೆಗೆಯಲು ಬೋಳಿಸಿದ್ದ ಜಾಗದಲ್ಲಿ ಕೂದಲು ಮೋಟಾಗಿರಬೇಕಿತ್ತು. ಇದರ ಕತ್ತಿನ ತುಂಬ ಒಂದೇ ಉದ್ದದ ಕೂದಲು.

ಮಾದಮ್ಮ ತಪ್ಪಾಗಿ ನಿನ್ನ ಹೋತವನ್ನು ಕೊಂಡೊಯ್ದಿದ್ದಳು. ಅದನ್ನು ಅವಳಿಗೆ ಅಂದೇ ತಿಳಿಸಿದೆ. ನಿನಗೆ ತಿಳಿಸಲಿಲ್ಲ.

ಶುಕ್ರವಾರ ನೀನು ಗೊತ್ತುಮಾಡಿದ್ದಂತೆ ತಾಳವಾಡಿಯಿಂದ ದನದ ಆಸ್ಪತ್ರೆಯ ಕಾಂಪೌಂಡರ್ ಪುಟ್ಟಬಸಪ್ಪ ಬಂದ. "ಏನ್ ಟೀಚರಮ್ಮ, ಮೇಕೆಗೂ ಪರೀಕ್ಷೆ ಮಡಗಿದ್ದರಂತಲ್ಲ, ಪಾಸಾದದಾ?" ಎಂದು ಕೇಳಿದ. "ನಿನ್ನ ಕೆಲಸ ನೋಡು" ಎಂದೆ. ಅವನು ಕತ್ತು ಬೋಳಿಸಿದ, ರಕ್ತ ತೆಗೆದ. ನೀನು ಬರೆದುಕೊಟ್ಟಿದ್ದ ಹಾಗೆಯೇ ಹೆಪ್ಪುಗಟ್ಟಿಸಿ, ತಿಳಿಯನ್ನು ಬಸಿದು, ಥರ್ಮಾಸ್ ಫ್ಲಾಸ್ಕಿನ ಐಸಿನಲ್ಲಿಟ್ಟು ಕಳುಹಿಸಿದೆ. ಸೀಸೆಯ ಮೇಲೆ ನಿನ್ನ ಹೋತದ ಸಂಖ್ಯೆಯನ್ನು ದುಂಡಾದ ಅಕ್ಷರದಲ್ಲಿ ಬರೆದವಳೂ ನಾನೇ.

ಚುಚ್ಚದ ಹೋತದ ರಕ್ತದಲ್ಲಿ ಪ್ರತಿಕಾಯವಿರುವುದಿಲ್ಲವೆಂದು ನನಗೆ ತಿಳಿದಿತ್ತು. ತಿಳಿಯದೆ ಮಾಡಿದೆನೆಂದು ನೀನು ಯಾರ ಮುಂದೆಯೂ ಹೇಳಬೇಡ. ಮೊದಲಿನ ಸೀಸೆಗಳೇ ಸಾಕಾಗುತ್ತವೆ, ಇದು ಯಾವುದೋ ಕಪಾಟಿನಲ್ಲಿ ಕುಳಿತಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೋತ ಕಳೆದುಹೋಯಿತೆಂದು ಪ್ರೊಫೆಸರರಿಗೆ ಬರೆಯುವುದಕ್ಕಿಂತ ಅದು ಸುಲಭವಾಗಿತ್ತು. ನನ್ನ ಸುಳ್ಳನ್ನು ಪರೀಕ್ಷಿಸಿ, ಅದನ್ನೇ ನಿಜವೆಂದಿಟ್ಟುಕೊಂಡು, ನಿನ್ನ ಮೂರು ವರ್ಷದ ನಿಜವನ್ನು ನೀನೇ ಹೊಡೆದುಹಾಕುತ್ತೀಯೆ ಎಂದು ಎಣಿಸಿರಲಿಲ್ಲ.

ಇದರೊಂದಿಗೆ ಪ್ರೊಫೆಸರರಿಗೆ ಪ್ರತ್ಯೇಕ ಹೇಳಿಕೆ ಇಟ್ಟಿದ್ದೇನೆ. ತಾನು ರಕ್ತ ತೆಗೆದ ಹೋತದ ಕತ್ತನ್ನು ಅದಕ್ಕೆ ಮೊದಲು ಯಾರೂ ಬೋಳಿಸಿರಲಿಲ್ಲವೆಂದು ಪುಟ್ಟಬಸಪ್ಪನೂ ಅದರಲ್ಲಿ ಬರೆದು ರುಜು ಹಾಕಿದ್ದಾನೆ. ಅಂಚೆ ತಡವಾಗಬಹುದು, ನಾಳೆ ಚಾಮರಾಜನಗರದ ಮೇಲೆ ಮೈಸೂರಿಗೆ ಹೋಗುವ ಮಲ್ಲಯ್ಯ ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಭಾನುವಾರ ನಾನೇ ಬರುತ್ತೇನೆ. ಸೋಮವಾರ ಪ್ರೊಫೆಸರರ ಮುಂದೆ ನಿಂತು ಹೇಳುವುದನ್ನು ನಾನು ಹೇಳುತ್ತೇನೆ. ನೀನು ಹಳೆಯ ಸೀಸೆಯನ್ನು ತೆಗೆದು ಅವರ ಕಣ್ಣೆದುರೇ ಗೆರೆ ಮೂಡಿಸು. ನನ್ನ ಪರವಾಗಿ ಒಂದು ಮಾತನ್ನೂ ಆಡಬೇಡ. ಬಸ್ ನಿಲ್ದಾಣಕ್ಕೆ ಬರಬೇಕಾಗಿಲ್ಲ, ದಾರಿ ಗೊತ್ತಿದೆ.

ಈ ಪತ್ರದ ಪ್ರತಿ ಅಕ್ಷರಕ್ಕೂ ಹೊಣೆಯಾದ,
ನಿನ್ನ ತಾಯಿ
ಶಾಂತಮಲ್ಲಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಆ ಮಂಗಳವಾರ ಮಾದಮ್ಮ ಸುಮ್ಮನೆ ಬಿಚ್ಚಿಕೊಂಡು ಹೋಗಲಿಲ್ಲ. ಮುಚ್ಚಿದ ಬಾಗಿಲ ಆಚೆ ನಿಂತು, "ಟೀಚರಮ್ಮಾ, ಎಳ್ಡೂ ಒಂದೇ ತರ ಕಾಣ್ತವ ಕಣವ್ವಾ. ಯಾವ್ದು ನಮ್ದು ಅಂತ ವಸಿ ಬಂದು ನೋಡ್ಬುಡಿ" ಎಂದು ಎರಡು ಸಲ ಕೂಗಿದಳು. ನಾನು ಬಾಗಿಲು ತೆರೆಯದೆ, "ಗೋಡೆ ಕಡೆ ಕಟ್ಟಿರುವುದು ನಿನ್ನದು, ನನಗೆ ಗೊತ್ತಿಲ್ಲವೇ, ಹೊಡೆದುಕೊಂಡು ಹೋಗು" ಎಂದೆ. ಮರುದಿನ ತಪ್ಪು ಅವಳದೆಂದು ಹೇಳಿದವಳೂ ನಾನೇ. ಬೇರೆಯವರ ಹೋತವನ್ನು ಮಾರಿಗೆ ಕೊಟ್ಟೆನೆಂದು ಅವಳು ಎರಡು ತಿಂಗಳಿಂದ ಹೆದರಿಕೊಂಡಿದ್ದಾಳೆ.

ಈಗ ಅವಳ ಮನೆಗೆ ಹೋಗಿ ಇದನ್ನು ಹೇಳಿ ಬಂದೆ. ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. ಆಮೇಲೆ ಹೇಳಿದಳು: "ನಾ ಕೇಳಿದ್ದು ನೆಪ್ಪಿತ್ತು ಕಣವ್ವಾ. ಆದ್ರ ಟೀಚರಮ್ಮ ಸುಳ್ಳೇಳ್ತರಾ ಅಂತ, ನನ್ ನೆಪ್ಪೇ ಸುಳ್ಳು ಅಂದ್ಕಂಡ್ಬುಟ್ಟೆ."