ಟರ್ಮಿನಲ್ ಎಂದರೆ

ಮನೆಯಿಂದ,
ಹನ್ನೆರಡನೇ ತಾರೀಕು, ಸಂಜೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಆಸಿಡ್ ಬಿದ್ದ ಕೈ ವಾಸಿಯಾಯಿತೇ? ಅಂಗಡಿಯಲ್ಲಿ ಗ್ಲೌಸ್ ಹಾಕಿಕೊಂಡೇ ಬ್ಯಾಟರಿ ರಿಪೇರಿ ಮಾಡಬೇಕಂತೆ, ಅಪ್ಪ ಹೇಳಿದ್ದಾರೆ. ಫೋನಿನಲ್ಲಿ ಮಾತಾಡಿದರೆ ಈ ಪುಟ್ಟ ಮನೆಯಲ್ಲಿ ಪಿಸುಮಾತೂ ಅವರ ಕಿವಿಗೆ ಬೀಳುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ಅಪ್ಪನ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ನನ್ನ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಮೆಲ್ಲಗೆ, ಇದು ಟರ್ಮಿನಲ್ ಅಂದರು. ಅಪ್ಪನಿಗೆ ಆ ಒಂದು ಪದ ಕೇಳಿಸಿತು. ಮುಖ ಅರಳಿತು. "ಹೌದು ಸಾರ್, ಟರ್ಮಿನಲ್‌ನಲ್ಲೇ ನನ್ನ ಅರ್ಧ ಆಯಸ್ಸು ಕಳೀತು. ಕಂಡಕ್ಟರ್ ಆಗಿದ್ದೆ. ನೀವು ಯಾವ ಬಸ್ಸಿಗೆ ಬರ್ತಿದ್ರಿ?" ಅಂದರು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕಾಲೇಜಿಗೆ ಹೋಗುವಾಗ ಕೊನೇ ಸ್ಟಾಪಿನವರೆಗೂ ಬರುತ್ತಿದ್ದೆ ಅಂದರು, ಪಾಪ. "ಟಿಕೆಟ್ ತಗೊಂಡಿರ್ತೀರಿ ಬಿಡಿ" ಅಂತ ಅಪ್ಪ ನಕ್ಕರು. ನನಗೆ ಎಲ್ಲಿ ನೋಡಬೇಕೋ ತೋಚಲಿಲ್ಲ.

ಅರ್ಥ ಗೊತ್ತಿತ್ತು. ಆದರೂ ಮನೆಗೆ ಬಂದವಳೇ ಡಿಕ್ಷನರಿ ತೆಗೆದೆ. ಅದರಲ್ಲಿ ನಿನ್ನ ಬ್ಯಾಟರಿಯ ಪ್ಲಸ್ಸು ಮೈನಸ್ಸು ಇದೆ, ನಮ್ಮ ಆಫೀಸಿನ ಕಂಪ್ಯೂಟರ್ ಇದೆ, ಅಪ್ಪನ ಬಸ್ಸೂ ಇದೆ. ಮನೆಮಂದಿಯೆಲ್ಲ ಒಂದೇ ಪದದೊಳಗೆ ಇದ್ದೇವೆ ನೋಡು. ಅದರ ಕೆಳಗೇ ಇತ್ತು: ವಾಸಿಯಾಗದ, ಸಾವಿನಲ್ಲಿ ಮುಗಿಯುವ. ಸ್ವಲ್ಪ ಮೆತ್ತಗಿನದು ಸಿಗಬಹುದೇ ಅಂತ ಸಮಾನ ಪದಗಳನ್ನೂ ಹುಡುಕಿದೆ. ಕೊನೆಯ. ಅಂತಿಮ. ಮಾರಕ. ಅಪ್ಪನ ಎದುರು ಆಡುವಂಥದ್ದು ಒಂದೂ ಇರಲಿಲ್ಲ. ಡಾಕ್ಟರು ಇನ್ನೇನಂದರು ಅಂತ ಅವರು ಕೇಳಿದಾಗ, ರೆಸ್ಟ್ ತಗೋಬೇಕಂತೆ ಅಂದುಬಿಟ್ಟೆ. ಅವರೂ ತಲೆಯಾಡಿಸಿದರು. ನಿಜ ಹೇಳಬೇಕೋ ಬೇಡವೋ, ನೀನೇ ಯೋಚಿಸಿ ಬರೆ. ನನ್ನ ತಲೆ ಓಡುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಅಪ್ಪ ಕರೆದರು. "ಡಾಕ್ಟರು ಹೇಳಿದ್ದು ಬಸ್ ಸ್ಟ್ಯಾಂಡ್ ಅಲ್ಲ ಅಂತ ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು ಕಣೇ. ಟರ್ಮಿನಲ್‌ನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರು ಒಂದೊಂದು ಸೀಟೂ ನೋಡಿಯೇ ಇಳಿಯೋದು. ನಾನಿನ್ನೂ ಪುಟ್ಟನ್ನ ನೋಡಿಲ್ಲ" ಅಂದರು. ಉತ್ತರ ಬರೆಯಬೇಡ. ಹೊರಟು ಬಾ.